ಲವಂಗವಿಲ್ಲದ ಪೆಟ್ಟಿಗೆ

“ಐದು ಗಂಟೆಗೆ ಈ ಮೇಲ್ ಹೋಗುತ್ತದೆ,” ಎಂದರು ಕುದೋ-ಸಾನ್. “ದಯವಿಟ್ಟು ಅವರ ಭಾಷೆಯಲ್ಲಿ ತಿಳಿಸಿ.”

ನಾನು ಗೋಡೆ ಗಡಿಯಾರ ನೋಡಿದೆ. ನಾಲ್ಕಕ್ಕೆ ಹತ್ತು ನಿಮಿಷ. ಆಗಸ್ಟಿನ ಸೆಕೆ, ಎರಡು ಪದರದ ಮಾಸ್ಕ್, ಮನೆಯಿರುವ ನಿಶಿ ಕಸಾಯಿಯಿಂದ ಈ ಸಗಮಿಹಾರಾಕ್ಕೆ ಎರಡು ಗಂಟೆಯ ರೈಲು. ಯಾರ ಭಾಷೆಯಲ್ಲೂ ಏನನ್ನೂ ತಿಳಿಸುವ ಉತ್ಸಾಹ ನನಗಿರಲಿಲ್ಲ.

“ಐದಕ್ಕೆ ನಿನ್ನ ಯೂನಿವರ್ಸಿಟಿಗೆ ಮೇಲ್ ಹೋಗತ್ತಂತೆ. ಪೊಲೀಸ್‌ಗೂ ಕಾಪಿ,” ಎಂದೆ ಶ್ರೀರಕ್ಷಾಳಿಗೆ.

“ಅರ್ಥ ಆಯ್ತು ಆಂಟಿ. ಅಷ್ಟು ಜಪಾನೀಸ್ ಬರತ್ತೆ ನಂಗೆ.”

ಬರುತ್ತದೆ, ನಿಜ. ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳುವ ಜಪಾನಿ, ತರಗತಿಯಲ್ಲಿ ಪ್ರಬಂಧ ಓದುವ ಜಪಾನಿ ಅವಳಿಗೆ ಚೆನ್ನಾಗಿಯೇ ಬರುತ್ತದೆ. ಕಳ್ಳಿ ಅಂದವರಿಗೆ ಉತ್ತರ ಕೊಡುವ ಜಪಾನಿ ಬೇರೆ. ಅದಕ್ಕೇ ದುಭಾಷಿಯೆಂದು ನನ್ನನ್ನು ಕರೆಸಿದ್ದರು.

ದಾವಣಗೆರೆಯ ಹುಡುಗಿ, ಹಿರೋಷಿಮಾದಲ್ಲಿ ಜಾನಪದ ಕಲೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಬೇಸಿಗೆ ರಜೆಗೆ ಈ ಪುಟ್ಟ ಗ್ಯಾಲರಿಯ ಸಂಗ್ರಹಕ್ಕೆ ಪಟ್ಟಿ ಮಾಡುವ ಕೆಲಸ ಹಿಡಿದು ಬಂದಳು. ಜಪಾನಿನ ಉತ್ತರದ ಮೂಲನಿವಾಸಿಗಳಾದ ಐನು ಜನರ ಬಟ್ಟೆ, ಕೆತ್ತನೆ, ಬುಟ್ಟಿ, ಎಲ್ಲ ಸೇರಿ ನಾಲ್ಕುನೂರು ಚಿಲ್ಲರೆ ವಸ್ತುಗಳು. ಒಂದೊಂದನ್ನೂ ಅಳೆದು, ವಿವರ ಬರೆದು, ತೆಳು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಬೇಕು.

ಈಗ ಆ ಮೇಲ್ ಹೋದರೆ ಸ್ಕಾಲರ್‌ಶಿಪ್ ಹೋಗುತ್ತದೆ, ಅದರ ಹಿಂದೆಯೇ ವೀಸಾ. ಎರಡು ಸಾವಿರದ ಇಪ್ಪತ್ತೊಂದು ಇದು. ಗಡಿ ಮುಚ್ಚಿದೆ. ವೀಸಾ ಕಳೆದುಕೊಂಡು ವಿಮಾನ ಹತ್ತಿದ ವಿದ್ಯಾರ್ಥಿ ಮತ್ತೆ ಒಳಗೆ ಬರುವುದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ.

ಕಳೆದುಹೋಗಿರುವುದು ಒಂದು ಕಡ್ಡಿ. ಗೇಣಿಗಿಂತ ತುಸು ಉದ್ದ, ಚಪ್ಪಟೆ, ಮೇಲೆಲ್ಲ ಕೆತ್ತನೆ. ಇಕುಪಸುಯ್ ಎನ್ನುತ್ತಾರೆ. ಐನು ಹಿರಿಯರು ಪ್ರಾರ್ಥನೆಯ ಹೊತ್ತಿಗೆ ಅದರ ತುದಿಯನ್ನು ಮದ್ಯದಲ್ಲಿ ಅದ್ದಿ ದೇವರಿಗೆ ಹನಿ ಅರ್ಪಿಸುತ್ತಾರೆ. ಮನುಷ್ಯನ ಮಾತಿನಲ್ಲಿ ತಪ್ಪಿದ್ದರೆ ಆ ಕಡ್ಡಿಯೇ ತಿದ್ದಿ ದೇವರಿಗೆ ಮುಟ್ಟಿಸುತ್ತದಂತೆ. ಅದೂ ನನ್ನ ಹಾಗೆ ದುಭಾಷಿಯೇ, ಆದರೆ ತಿದ್ದುವ ಅಧಿಕಾರ ಇರುವ ದುಭಾಷಿ. ನನಗೆ ಆ ಅಧಿಕಾರ ಇಲ್ಲ.

“ಇನ್ನೊಮ್ಮೆ ಹೇಳಿ,” ಎಂದೆ ಕುದೋ-ಸಾನ್‌ಗೆ. “ಶುಕ್ರವಾರದಿಂದ.”

ಅವರು ನಿಟ್ಟುಸಿರು ಬಿಟ್ಟರು. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ. ಈ ವಸಂತದಲ್ಲಿ ಗ್ಯಾಲರಿಯನ್ನು ವಹಿಸಿಕೊಂಡ ಪ್ರತಿಷ್ಠಾನದ ಕಾರ್ಯದರ್ಶಿ. ಸ್ಯಾನಿಟೈಸರ್ ಹಚ್ಚಿ ಹಚ್ಚಿ ಅವರ ಬೆರಳ ಗೆಣ್ಣುಗಳು ಒಡೆದಿದ್ದವು. ನನ್ನಷ್ಟೇ ದಣಿದಿದ್ದರು ಅನ್ನಿಸಿತು. ಆದರೆ ದಣಿದವರ ಮೇಲೆ ಕನಿಕರ ಪಡುವುದನ್ನು ನಾನು ಬಿಟ್ಟು ವರ್ಷವಾಯಿತು, ಅದಕ್ಕೆ ಕೊನೆಯೇ ಇಲ್ಲ.

“ಶುಕ್ರವಾರ ಸಂಜೆ ಶ್ರೀರಕ್ಷಾ-ಸಾನ್ ಇನ್ನೂರ ಹದಿನಾಲ್ಕನೆಯ ಪೆಟ್ಟಿಗೆ ಮುಚ್ಚಿದರು. ಟೇಪ್ ಅಂಟಿಸಿದರು. ಚೀಟಿ ಬರೆದರು.”

ಚೀಟಿಯ ಕಥೆ ಹೀಗೆ. ಒಬ್ಬರು ಮುಟ್ಟಿದ ವಸ್ತುವನ್ನು ಮೂರು ದಿನ ಇನ್ನೊಬ್ಬರು ಮುಟ್ಟಬಾರದು ಎಂಬುದು ಇಲ್ಲಿಯ ಕೊರೊನಾ ನಿಯಮ. ಪೆಟ್ಟಿಗೆಯ ಮೇಲೆ ದಿನ, ಹೊತ್ತು, ಮುಟ್ಟಿದವರ ಹೆಸರು ಬರೆದು ಅಂಟಿಸಬೇಕು. ಪೆಟ್ಟಿಗೆ ವಿಶ್ರಾಂತಿ ಪಡೆಯುತ್ತದೆ. ಈ ದೇಶದಲ್ಲಿ ಸದ್ಯ ವಿಶ್ರಾಂತಿ ಸಿಗುತ್ತಿರುವುದು ಪೆಟ್ಟಿಗೆಗಳಿಗೆ ಮಾತ್ರ.

“ಮಂಗಳವಾರ ಬೆಳಿಗ್ಗೆ ಫೋಟೋ ತೆಗೆಯಲು ಅಜಿತ್-ಕುನ್ ಅದನ್ನು ತೆರೆದರು. ಒಳಗಿದ್ದದ್ದು ಪ್ರವಾಸಿಗರ ಅಂಗಡಿಯಲ್ಲಿ ಮಾರುವ ಹೊಸ ಕಡ್ಡಿ. ಹಿಂಭಾಗದಲ್ಲಿ ಮನೆತನದ ಗುರುತು ಇರಬೇಕಿತ್ತು, ಇರಲಿಲ್ಲ. ಅಲ್ಲವೇ, ಅಜಿತ್-ಕುನ್?”

ಮೇಜಿನ ತುದಿಯಲ್ಲಿದ್ದ ಲ್ಯಾಪ್‌ಟಾಪ್‌ನಿಂದ, “ಹೌದು, ಹಾಗೆಯೇ,” ಎಂದು ಜಪಾನಿಯಲ್ಲಿ ಉತ್ತರ ಬಂತು. ಪರದೆಯ ಮೇಲೆ ಮುಖವಿಲ್ಲ, ಒಂದು ಅಕ್ಷರ ಮಾತ್ರ. ನಿನ್ನೆ ಸಂಜೆ ತಂಗಿಗೆ ಜ್ವರ ಬಂದದ್ದರಿಂದ ಅಜಿತ್ ಮನೆ ಬಿಟ್ಟು ಹೊರಡುವಂತಿರಲಿಲ್ಲ.

ಅಜಿತ್ ನಮ್ಮ ನಿಶಿ ಕಸಾಯಿಯ ಶುಭಾಳ ಮಗ. ಇಲ್ಲಿಯ ಕಾಲೇಜಿನಲ್ಲಿ ನಾಲ್ಕನೆಯ ವರ್ಷ. ಕಿಂಡರ್‌ಗಾರ್ಟನ್ ಹಳದಿ ಟೋಪಿಯಿಂದ ಅವನನ್ನು ಬಲ್ಲೆ. ತಾಯಿ ಕನ್ನಡದಲ್ಲಿ ಕರೆದರೆ ಮಗ ಜಪಾನಿಯಲ್ಲಿ ಓಗೊಡುವ ಮನೆ ಅದು. ಹಿಂದೊಮ್ಮೆ ಗಣೇಶನ ಹಬ್ಬದ ದಿನ, ಅವನು ಎಂಟ್ರೆನ್ಸ್ ಪರೀಕ್ಷೆಯಲ್ಲಿ ನಪಾಸಾದ ವಿಷಯವನ್ನು ಶುಭಾ ಮತ್ತು ನಾನು ಅವನೆದುರೇ ಅರ್ಧ ಗಂಟೆ ಕನ್ನಡದಲ್ಲಿ ಆಡಿಕೊಂಡಿದ್ದೆವು. ಅವನು ಚಕ್ಕುಲಿ ತಿನ್ನುತ್ತ ಫೋನ್ ನೋಡುತ್ತಿದ್ದ.

ಅವನ ಪಾಳಿ ಮಂಗಳವಾರ, ಗುರುವಾರ. ಶ್ರೀರಕ್ಷಾ ಸೋಮವಾರ, ಬುಧವಾರ, ಶುಕ್ರವಾರ. ಒಂದೇ ಕೋಣೆಯಲ್ಲಿ ಒಂದೂವರೆ ತಿಂಗಳು ಕೆಲಸ ಮಾಡಿದವರು ಒಮ್ಮೆಯೂ ಮುಖ ನೋಡಿಲ್ಲ. ಹಳೆಯ ಚೀಟಿಗಳ ಅಂಚಿನಲ್ಲಿ ಮಾತ್ರ ಇಬ್ಬರ ಪೆನ್ಸಿಲ್ ಗೀಚು ಕಂಡಿತ್ತು. ಅವನು ಒಂದು ಟೀ ಕಪ್ ಬರೆದಿದ್ದರೆ, ಅವಳು ಅದರ ಪಕ್ಕ ಒಂದು ಬಿಸ್ಕತ್ತು.

“ರಾತ್ರಿ ಈ ಕಟ್ಟಡದಲ್ಲಿ ಇರುವವರು ಇಬ್ಬರೇ,” ಎಂದರು ಕುದೋ-ಸಾನ್. “ಮಹಡಿಯ ಮೇಲೆ ಈಕೆ. ಹಿಂದಿನ ಮನೆಯಲ್ಲಿ ಮಿಯಾಮೋರಿ-ಸಾನ್. ಮಿಯಾಮೋರಿ-ಸಾನ್ ತಮ್ಮ ಮನೆಯಲ್ಲಿ ತಾವೇ ಕದಿಯುತ್ತಾರೆಯೇ?”

ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಮಿಯಾಮೋರಿ ಕಿಯೋ-ಸಾನ್ ತಲೆ ಎತ್ತಲಿಲ್ಲ. ಎಂಬತ್ತೊಂದು ವರ್ಷದ ಐನು ಅಜ್ಜಿ. ಈ ಗ್ಯಾಲರಿ ಕಟ್ಟಿದವರು, ನಡೆಸಲಾಗದೆ ಪ್ರತಿಷ್ಠಾನಕ್ಕೆ ಬರೆದುಕೊಟ್ಟವರು. ತೊಡೆಯ ಮೇಲೆ ನೀಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟಿತ್ತು. ಸಂಜೆಯ ವಿಮಾನಕ್ಕೆ ಹೊಕ್ಕೈದೋಗೆ ಹೊರಟಿದ್ದರು. ಅಣ್ಣ ಅಲ್ಲಿ ಆಸ್ಪತ್ರೆಯಲ್ಲಿ. ಹದಿನೈದು ನಿಮಿಷದ ಭೇಟಿಗೆ ಅನುಮತಿ ಸಿಕ್ಕಿದೆಯಂತೆ, ಬಹುಶಃ ಕೊನೆಯದು.

ನನ್ನ ಫೋನ್ ಗುರ್ ಎಂದಿತು. ಮನೆಯಿಂದಲೇ ಆಫೀಸು ಮಾಡುವ ನನ್ನ ಗಂಡ ಹರಿಪ್ರಸಾದ. ‘ಎರಡು ಲೋಟ ಅಕ್ಕಿಗೆ ಎಷ್ಟು ನೀರು?’ ಒಂದೂವರೆ ವರ್ಷದಿಂದ ಅಡುಗೆಮನೆಗೆ ಮೂರು ಅಡಿ ದೂರದಲ್ಲಿ ಕೂತಿರುವ ಮನುಷ್ಯ. ಫೋನನ್ನು ಮಗುಚಿ ಇಟ್ಟೆ.

“ನಾನು ಪೆಟ್ಟಿಗೆಗಳನ್ನು ನೋಡಬಹುದೇ?” ಎಂದೆ.

“ನೀವು ದುಭಾಷಿ.”

“ಹೌದು. ಅವಳು ಏನು ಮಾಡಿದಳು ಅಂತ ನೋಡದೆ ಅವಳ ಮಾತನ್ನು ನಿಮಗೆ ಹೇಗೆ ಹೇಳಲಿ?”

ಅದರಲ್ಲಿ ತರ್ಕವೇನೂ ಇರಲಿಲ್ಲ. ಆದರೆ ವಾದ ಮಾಡುವ ಶಕ್ತಿ ಅವರಿಗೂ ಇರಲಿಲ್ಲ. ಬೀಗದ ಕೈ ಕೊಟ್ಟರು.

ಉಗ್ರಾಣದಲ್ಲಿ ಶ್ರೀರಕ್ಷಾ ಇನ್ನೂರ ಹದಿನಾಲ್ಕನ್ನು ಮೇಜಿನ ಮೇಲಿಟ್ಟಳು. ಒಳಗೆ ತೆಳು ಕಾಗದ, ಕಾಗದದೊಳಗೆ ಬೆಳ್ಳಗಿನ ಹೊಸ ಕಡ್ಡಿ. ನಾನು ಕಾಗದವನ್ನು ಬಿಡಿಸಿ, ಕೊಡವಿ, ಮತ್ತೆ ಮಡಚಿದೆ. ಏನಿಲ್ಲ. ಪಕ್ಕದ ಇನ್ನೂರ ಹದಿಮೂರನ್ನು ತೆರೆದೆ. ಮರದ ಚಮಚ. ಕಾಗದದ ಮಡಿಕೆಯಿಂದ ಕಂದು ಬಣ್ಣದ್ದೇನೋ ನನ್ನ ಗ್ಲೋವ್ಸ್ ಮೇಲೆ ಉದುರಿತು.

ಹುಳ ಅಂದುಕೊಂಡೆ. ತಿರುಗಿಸಿ ನೋಡಿದರೆ ಅದಕ್ಕೆ ತಲೆಯಿತ್ತು, ನಾಲ್ಕು ಹಲ್ಲಿನ ತಲೆ.

ಲವಂಗ.

“ಇದೇನೇ?”

ಶ್ರೀರಕ್ಷಾ ನೆಲ ನೋಡಿದಳು. ಎರಡು ದಿನದಿಂದ ಫೋನಿನಲ್ಲಿ ಮಾತಾಡುವಾಗಲೂ ಅವಳು ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸಿತ್ತು. ಅದು ಕಳ್ಳತನವೇ ಇರಬಹುದೇನೋ ಎಂದು ನಾನೂ ಒಂದು ಗಳಿಗೆ ಹೆದರಿದ್ದೆ, ಸುಳ್ಳೇಕೆ ಹೇಳಲಿ.

“ನಿಮ್ಗೆ ವಾಸನೆ ಬರ್ಲಿಲ್ವಾ ಆಂಟಿ? ಬಾಗ್ಲು ತೆಗೆದ ತಕ್ಷಣ ಗೊತ್ತಾಗ್ಬಿಡತ್ತೆ ಅಂದ್ಕೊಂಡಿದ್ದೆ.”

“ನನ್ನ ಮೂಗು ಮೇ ತಿಂಗಳಿಂದ ರಜೆಯಲ್ಲಿದೆ ಕಣೇ. ಪಾಸಿಟಿವ್ ಆದ್ಮೇಲೆ ಹೋಗಿದ್ದು ಬರ್ಲೇ ಇಲ್ಲ. ಸಾರು ಹೊತ್ತಿಕೊಂಡ್ರೆ ಅಲಾರಾಂ ಹೇಳ್ಬೇಕು. ಹೇಳು, ಲವಂಗ ಯಾಕೆ?”

“ಒಂದು ಬುಟ್ಟೀಲಿ ಹುಳ ಕಂಡ್ತು. ಕುದೋ-ಸಾನ್‌ಗೆ ಮೇಲ್ ಹಾಕ್ದೆ, ಟ್ರೀಟ್ಮೆಂಟ್‌ಗೆ ಅಕ್ಟೋಬರ್ ಆಗತ್ತೆ ಅಂದ್ರು. ನಮ್ಮಜ್ಜಿ ರೇಷ್ಮೆ ಸೀರೆ ಮಡಿಕೇಲಿ ಲವಂಗ ಇಡ್ತಿದ್ರಲ್ಲ, ಅಷ್ಟು ವರ್ಷ ಒಂದು ತೂತೂ ಬಿದ್ದಿರ್ಲಿಲ್ಲ. ಒಂದೊಂದು ಪೆಟ್ಟಿಗೆಗೆ ಎರಡೆರಡು ಹಾಕ್ದೆ. ರೂಲ್ಸ್ ಪ್ರಕಾರ ಮಸಾಲೆ ಪದಾರ್ಥ ಬಿಲ್ಕುಲ್ ತರ್ಬಾರ್ದು. ಗೊತ್ತಾದ್ರೆ ಕೆಲ್ಸದಿಂದ ತೆಗೀತಾರೆ ಅಂತ ಹೇಳ್ಲಿಲ್ಲ.”

“ಎಲ್ಲದಕ್ಕೂ?”

“ನಾನು ಪ್ಯಾಕ್ ಮಾಡಿದ್ದು ಎಲ್ಲದಕ್ಕೂ. ಫೋಟೋ ತೆಗೆಯೋ ಅಜಿತ್‌ಗೂ ಕಂಡಿರ್ಬೇಕು, ಅವ್ರೂ ಯಾರಿಗೂ ಹೇಳಿಲ್ಲ.”

“ಇನ್ನೂರ ಹದಿನಾಲ್ಕಕ್ಕೆ?”

“ಅದಕ್ಕೂ. ನೆನಪಿದೆ. ಅದು ಅಜ್ಜಿ ಅಪ್ಪ ಕೆತ್ತಿದ್ದು, ಅದಕ್ಕೆ ನಾಲ್ಕು ಇಟ್ಟೆ.” ಮಿಯಾಮೋರಿ-ಸಾನ್‌ರನ್ನು ಅವಳು ಅಜ್ಜಿ ಎಂದೇ ಕರೆಯುತ್ತಿದ್ದಳು.

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ತೆಗೆದವರು ಕಡ್ಡಿಯನ್ನು ಸುತ್ತಿದ ಕಾಗದದ ಸಮೇತ ಎತ್ತಿಕೊಂಡಿದ್ದಾರೆ. ಹೊಸ ಕಡ್ಡಿಗೆ ಹೊಸ ಕಾಗದ ಸುತ್ತಿದ್ದಾರೆ. ಲವಂಗದ ವಿಷಯ ಅವರಿಗೆ ಗೊತ್ತಿಲ್ಲ. ಹಾಗಾದರೆ ನಿಜವಾದ ಕಡ್ಡಿ ಎಲ್ಲೇ ಇರಲಿ, ನಾಲ್ಕು ಲವಂಗದ ಜೊತೆಗಿದೆ.

ಸಮಾಧಾನವಾಯಿತು. ಹುಡುಗಿ ಕಳ್ಳಿಯಲ್ಲ. ಅಷ್ಟು ಸಾಕಿತ್ತು ನನಗೆ, ಆದರೆ ಕುದೋ-ಸಾನ್‌ಗೆ ಸಾಲುವುದಿಲ್ಲ.

ಸಾಲಲಿಲ್ಲ. ಹಾಲ್‌ಗೆ ಬಂದು ಎಲ್ಲವನ್ನೂ ವಿವರಿಸಿದಾಗ ಅವರು ಕಣ್ಣು ಮುಚ್ಚಿ ಕೇಳಿದರು.

“ಅಂದರೆ ಈಕೆ ಪ್ಯಾಕ್ ಮಾಡಿದ ಅರವತ್ತು ಪೆಟ್ಟಿಗೆಗಳಲ್ಲಿ ಮಸಾಲೆ ಇದೆ,” ಎಂದರು.

“ನೀವು ಕೇಳಬೇಕಾದದ್ದು ಅದಲ್ಲ.”

“ಕಡ್ಡಿಯನ್ನು ಶ್ರೀರಕ್ಷಾ-ಸಾನ್ ತಾವೇ ತೆಗೆದು, ಲವಂಗವಿಲ್ಲದ ಹೊಸ ಕಾಗದ ಸುತ್ತಿರಬಹುದು. ಇದು ಆಕೆಯನ್ನು ಹೇಗೆ ಬಿಡಿಸುತ್ತದೆ?”

“ಲವಂಗ ಹಾಕಿದ ವಿಷಯ ಬಚ್ಚಿಟ್ಟವಳು, ಲವಂಗವಿಲ್ಲದ ಒಂದೇ ಒಂದು ಪೆಟ್ಟಿಗೆ ಬಿಟ್ಟು ತಾನೇ ಸಿಕ್ಕಿಬೀಳುತ್ತಾಳಾ?” ಎಂದೆ. ನನ್ನ ದನಿ ಏರಿತ್ತು. ಈ ದೇಶದಲ್ಲಿ ದನಿ ಏರಿಸಿದವರೇ ಸೋತಂತೆ, ಆದರೆ ಆಗಲೇ ಏರಿಯಾಗಿತ್ತು. “ಈ ಮನೆಯ ಬೀಗದ ಕೈ ಇನ್ನೂ ಒಬ್ಬರ ಹತ್ತಿರ ಇದೆ, ಕುದೋ-ಸಾನ್. ಶನಿವಾರ ನೀವು ಇಲ್ಲಿಗೆ ಬಂದಿದ್ದಿರಿ ಎಂದು ಶ್ರೀರಕ್ಷಾ ಹೇಳಿದಳು.”

“ಏಸಿ ರಿಪೇರಿಗೆ.”

“ಒಬ್ಬರೇ?”

“ಒಬ್ಬನೇ.”

“ಸುಮಿಮಾಸೆನ್, ಕ್ಷಮಿಸಿ. ನಿಮ್ಮ ಬ್ಯಾಗ್ ತೆರೆಯುತ್ತೀರಾ?”

ಫ್ಯಾನ್ ಒಂದು ಸುತ್ತು ಆ ಕಡೆ ಹೋಗಿ ಈ ಕಡೆ ಬಂತು. ಕುದೋ-ಸಾನ್ ಎದ್ದು, ಕಪ್ಪು ಬ್ಯಾಗನ್ನು ಮೇಜಿನ ಮೇಲಿಟ್ಟು, ಜಿಪ್ ಎಳೆದು, ನನ್ನ ಕಡೆ ತಿರುಗಿಸಿದರು. ಛತ್ರಿ. ಕಡತ. ಮಾಸ್ಕಿನ ಪೊಟ್ಟಣ. ಅರ್ಧ ತಿಂದ ಅನ್ನದ ಉಂಡೆ.

“ನಾಲ್ಕು ಗ್ಯಾಲರಿ ನೋಡಿಕೊಳ್ಳುತ್ತೇನೆ,” ಎಂದರು ಮೆಲ್ಲಗೆ. “ಈ ವರ್ಷ ಎರಡು ಮುಚ್ಚಿದೆವು. ಸಂಗ್ರಹದ ಒಂದು ವಸ್ತು ಕಾಣೆಯಾದರೂ ನಗರದ ಅನುದಾನ ನಿಲ್ಲುತ್ತದೆ, ಇದೂ ಮುಚ್ಚುತ್ತದೆ. ನಾನೇಕೆ ಕದಿಯಲಿ, ಅಹಲ್ಯಾ-ಸಾನ್?”

ನನಗೆ ನಾಚಿಕೆಯಾಯಿತು. ಆದರೂ ಬ್ಯಾಗಿನ ಒಳಪದರ ಇರುತ್ತದೆ, ಕಾರು ಇರುತ್ತದೆ, ಅಂಗಿಯ ತೋಳು ಇರುತ್ತದೆ. ನನಗೊಂದು ಮೂಗು ಬೇಕಿತ್ತು. ಶ್ರೀರಕ್ಷಾಳ ಕಡೆ ತಿರುಗಿ ಕನ್ನಡದಲ್ಲಿ, ಆದಷ್ಟೂ ಸಾಧಾರಣ ದನಿಯಲ್ಲಿ ಹೇಳಿದೆ.

“ಎಲ್ರಿಗೂ ಬಾರ್ಲಿ ಟೀ ತಂದ್ಕೊಡು. ಮಾಸ್ಕ್ ಸ್ವಲ್ಪ ಲೂಸ್ ಮಾಡ್ಕೊ. ಮೊದ್ಲು ಈ ಯಪ್ಪನ ಹತ್ರ ಹೋಗು. ವಾಸನೆ ನೋಡು.”

“ಏನು ಹೇಳಿದಿರಿ?” ಎಂದರು ಕುದೋ-ಸಾನ್.

“ಟೀ ತರಲು ಹೇಳಿದೆ.”

ನಿಜವೇ ಹೇಳಿದೆ, ಅರ್ಧ.

ಶ್ರೀರಕ್ಷಾ ಟ್ರೇ ಹಿಡಿದು ಬಂದಳು. ಕುದೋ-ಸಾನ್ ಮುಂದೆ ಗ್ಲಾಸ್ ಇಟ್ಟಳು, ಬೇಕೆಂದೇ ನಿಧಾನ ಮಾಡಿದಳು. ನನ್ನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದಳು. ನನಗೊಂದು ಇಟ್ಟಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಮಿಯಾಮೋರಿ-ಸಾನ್ ಪಕ್ಕ ಬಾಗಿದಳು.

ಅಲ್ಲೇ ನಿಂತಳು.

ಅಜ್ಜಿ ಎರಡೂ ಕೈಯನ್ನು ತೊಡೆಯ ಮೇಲಿನ ನೀಲಿ ಗಂಟಿನ ಮೇಲಿಟ್ಟರು. ಹಗುರಾಗಿ, ಮಲಗಿದ ಮಗುವಿನ ಮೇಲೆ ಇಡುವ ಹಾಗೆ. ಒಬ್ಬರನ್ನೊಬ್ಬರು ನೋಡಿದರು. ಅಜ್ಜಿಯ ಕಣ್ಣಲ್ಲಿ ಹೆದರಿಕೆ ಇರಲಿಲ್ಲ. ಬರಿಯ ಆಯಾಸ.

“ಏನಾಯ್ತೇ?” ಎಂದೆ.

ಶ್ರೀರಕ್ಷಾ ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ತಿರುಗಲಿಲ್ಲ. ಬೆನ್ನು ಹಾಕಿಕೊಂಡೇ ಕನ್ನಡದಲ್ಲಿ ಮಾತಾಡಿದಳು.

“ವಾಸನೆ ಬರ್ತಿದೆ ಆಂಟಿ. ಈ ಗಂಟಿನೊಳಗೇ ಇದೆ. ಕುದೋ-ಸಾನ್‌ಗೆ ಹೇಳ್ಬೇಡಿ.”

“ತಲೆ ಕೆಟ್ಟಿದ್ಯಾ? ನಿನ್ನ ವೀಸಾ.”

“ಆ ಅಣ್ಣನಿಗೆ ಮಾತ್ರ ಅವರ ಮನೆ ಪ್ರಾರ್ಥನೆ ಪೂರ್ತಿ ಬರತ್ತಂತೆ. ಸಾಯೋ ಮೊದ್ಲು ಒಂದ್ಸಲ ಅಪ್ಪನ ಕಡ್ಡಿ ಹಿಡ್ಕೊಂಡು ಹೇಳ್ಬೇಕು ಅಂತ ಕೇಳಿದ್ರಂತೆ. ಅಜ್ಜಿ ಜೂನ್‌ನಲ್ಲೇ ಎರವಲು ಕೇಳಿದ್ರು. ಪ್ರತಿಷ್ಠಾನದ ಕಮಿಟಿ ಮೀಟಿಂಗ್ ನವೆಂಬರ್‌ನಲ್ಲಿ ಅಂದ್ರು.” ಅವಳ ದನಿ ಒಡೆಯಿತು. “ಜುಲೈನಲ್ಲಿ ನಮ್ಮಪ್ಪ ಹೋದಾಗ ನಾನು ಮೇಲಿನ ರೂಮಲ್ಲಿ ಫೋನಲ್ಲಿ ನೋಡ್ದೆ, ಎಲ್ಲಾನೂ. ಆ ಇಡೀ ದಿನ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ರು. ಒಳಗೆ ಬರೋ ಹಾಗಿರ್ಲಿಲ್ಲ, ಬಾಗ್ಲಾಚೆ ಕೂತಿದ್ರು. ನಂಗೆ ನಮ್ಮಪ್ಪನ ಬಾಯಿಗೆ ನೀರು ಬಿಡಕ್ಕಾಗ್ಲಿಲ್ಲ ಆಂಟಿ. ಇವರಾದ್ರೂ ಹೋಗಿ ಬರ್ಲಿ.”

ಮೇ ತಿಂಗಳಲ್ಲಿ ನನ್ನ ಅತ್ತೆಯೂ ಹಾಗೆಯೇ ಹೋದರು, ಫೋನಿನ ಪರದೆಯಲ್ಲಿ. ಅದರ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಿಲ್ಲ.

“ಅಹಲ್ಯಾ-ಸಾನ್.” ಕುದೋ-ಸಾನ್ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡಿದ್ದರು. ಐದಕ್ಕೆ ಎಂಟು ನಿಮಿಷ. “ಬಹಳ ಉದ್ದ ಮಾತಾಡಿದರು. ಏನೆಂದರು?”

ಹತ್ತೊಂಬತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ. ಹೆರಿಗೆ ಕೋಣೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ವಿಚ್ಛೇದನದ ಮೇಜಿನಲ್ಲಿ ಬೇರೆಯವರ ಮಾತನ್ನು ಹೊತ್ತಿದ್ದೇನೆ. ಒಂದು ಶಬ್ದ ಕೂಡಿಸಿಲ್ಲ, ಒಂದು ಕಳೆದಿಲ್ಲ. ನನಗೆ ಹೆಮ್ಮೆಯೆಂದು ಇರುವುದು ಅದೊಂದೇ.

ಹೇಳಿದರೆ ಹುಡುಗಿ ಉಳಿಯುತ್ತಾಳೆ. ಎಂಬತ್ತೊಂದರ ಮುದುಕಿ ಸಂಜೆ ಪೊಲೀಸ್ ಠಾಣೆಯಲ್ಲಿರುತ್ತಾರೆ, ಅಣ್ಣ ಒಬ್ಬನೇ ಸಾಯುತ್ತಾನೆ. ಹೇಳದಿದ್ದರೆ ಹುಡುಗಿ ಹೋಗುತ್ತಾಳೆ. ಅದನ್ನು ಅವಳೇ ಕೇಳಿಕೊಂಡಿದ್ದಾಳೆ. ಅವಳ ಮಾತನ್ನು ಮುಟ್ಟಿಸುವುದು ನನ್ನ ಕೆಲಸ. ಯಾವ ಮಾತನ್ನು?

“ಯಾವ ವಾಸನೆಯೂ ಬರುತ್ತಿಲ್ಲವಂತೆ,” ಎಂದೆ. “ಇತ್ತೀಚೆಗೆ ತಂದೆ ತೀರಿಹೋದದ್ದನ್ನು ನೆನೆದು ಅತ್ತಳು. ಅಷ್ಟೇ.”

ಜಪಾನಿಯಲ್ಲಿ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಭಯವಾಯಿತು.

ಕುದೋ-ಸಾನ್ ನಮ್ರವಾಗಿ ತಲೆ ಬಾಗಿಸಿದರು. “ವಿಷಾದಿಸುತ್ತೇನೆ,” ಎಂದರು. ನಿಜವಾಗಿಯೇ ವಿಷಾದಿಸಿದರು. ಮೇಲ್ ತೆರೆದರು.

ಶ್ರೀರಕ್ಷಾ ನನ್ನ ಕಡೆ ತಿರುಗಿ, ಮಾಸ್ಕಿನ ಮೇಲಿನ ಕಣ್ಣಲ್ಲೇ ಧನ್ಯವಾದದ ಒಂದು ಅರಿಗಾತೋ ಹೇಳಿದಳು. ಕಿಟಕಿಯಾಚೆ ಟ್ಯಾಕ್ಸಿ ಬಂದು ನಿಂತಿತು. ಮಿಯಾಮೋರಿ-ಸಾನ್ ಗಂಟನ್ನು ಎದೆಗೆ ಹಿಡಿದು ಮೆಲ್ಲಗೆ ಏಳತೊಡಗಿದರು.

“ಆಂಟಿ.”

ಕೋಣೆಯಲ್ಲಿ ಯಾರೂ ಬಾಯಿ ತೆರೆದಿರಲಿಲ್ಲ.

“ಅಹಲ್ಯಾ ಆಂಟಿ. ಶ್ರೀರಕ್ಷಾ ಹಾಗೆ ಹೇಳ್ಲಿಲ್ಲ.”

ಲ್ಯಾಪ್‌ಟಾಪ್. ಪರದೆಯ ಮೇಲಿದ್ದ ಒಂಟಿ ಅಕ್ಷರ ಹೋಗಿ ಅಲ್ಲಿ ಅಜಿತನ ಮುಖ ಬಂದಿತ್ತು. ಕೆದರಿದ ಕೂದಲು, ಹಿಂದೆ ಶುಭಾಳ ಅಡುಗೆಮನೆಯ ಕ್ಯಾಲೆಂಡರ್. ಇಷ್ಟು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ವಾಕ್ಯ ಅದು. ಉಚ್ಚಾರ ಸ್ವಲ್ಪ ಸೊಟ್ಟಗಿತ್ತು. ಅರ್ಥ ನೆಟ್ಟಗಿತ್ತು.

ಚಕ್ಕುಲಿ ತಿನ್ನುತ್ತ ಕೂತಿದ್ದ ಆ ಹಬ್ಬದ ದಿನವೂ ಎಲ್ಲ ಕೇಳಿಸಿಕೊಂಡಿದ್ದ, ಹಾಗಾದರೆ.

“ಅಜಿತ್, ಸುಮ್ನಿರು,” ಎಂದೆ. “ಪ್ಲೀಸ್ ಕಣೋ.”

“ಅವಳನ್ನ ಕಳಿಸಿಬಿಡ್ತಾರೆ ಆಂಟಿ. ನಾನು ಅವಳ ಮುಖಾನೇ ನೋಡಿಲ್ಲ ಇನ್ನೂ.”

“ಬೇಡ,” ಎಂದಳು ಶ್ರೀರಕ್ಷಾ. ಅವನಿಗೆ ಅವಳು ಆಡಿದ ಮೊದಲ ಮಾತು ಅದು.

ಕುದೋ-ಸಾನ್ ಮೌಸ್‌ನಿಂದ ಕೈ ತೆಗೆದರು. ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲ ಹತ್ತಿರ ನಿಂತುಬಿಟ್ಟಿದ್ದ ಅಜ್ಜಿಯನ್ನು ನೋಡಿದರು. ಆಮೇಲೆ ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ತಮ್ಮ ಮುಖಕ್ಕೆ ಸರಿಯಾಗಿ ತಿರುಗಿಸಿಕೊಂಡರು.

“ಅಜಿತ್-ಕುನ್,” ಎಂದರು, ಅದೇ ಮೆಲುದನಿಯಲ್ಲಿ. “ಅಹಲ್ಯಾ-ಸಾನ್ ದಣಿದಿದ್ದಾರೆ. ಇನ್ನು ನೀವು ಅನುವಾದ ಮಾಡಿ.”